48 ವೋಲ್ಟ್ ಬಟನ್ ಒತ್ತುವ ಮೊದಲು ಕೇಬಲ್ ಬಿಚ್ಚಿ ನೋಡಿ

ತಾಳಮದ್ದಳೆ, ಭಜನೆ, ಸಂಗೀತ ಅಂತ ಊರಲ್ಲಿ ಮೈಕ್ ಸೆಟ್ ಹಾಕಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ಈ ಮಳೆಗಾಲ ತೀರ್ಥಹಳ್ಳಿ ಕಡೆ ಒಂದು ಮನೆಯಲ್ಲಿ ತಾಳಮದ್ದಳೆ ಇತ್ತು. ಭಾಗವತರಿಗೆ ನಮ್ಮ ಸಂಘದ ಡೈನಮಿಕ್ ಮೈಕ್ (ಇದಕ್ಕೆ ಹೊರಗಿನ ಕರೆಂಟ್ ಬೇಡ), ಮದ್ದಳೆಗೆ ಸೌಂಡ್‌ನವರು ತಂದ ಕಂಡೆನ್ಸರ್ ಮೈಕ್. ಕಂಡೆನ್ಸರ್‌ಗೆ ಫ್ಯಾಂಟಮ್ ಪವರ್ (ಮಿಕ್ಸರ್ ಮೈಕ್ ಕೇಬಲ್ಲಿನಲ್ಲೇ ಕಳಿಸುವ 48 ವೋಲ್ಟ್) ಬೇಕಲ್ಲ, ಬಟನ್ ಒತ್ತಿದರು. ಸ್ಪೀಕರ್ ಢಬ್ ಎಂದಿತು. ಆಮೇಲೆ ಭಾಗವತರ ದನಿ ಕಂಬಳಿ ಹೊದ್ದು ಹಾಡಿದ ಹಾಗೆ ಮಂಕಾಗಿ, ಒಡೆದೊಡೆದು ಬರತೊಡಗಿತು. ಚಿಕ್ಕ ಮಿಕ್ಸರ್‌ಗಳಲ್ಲಿ ಹೆಚ್ಚಾಗಿ ಎಲ್ಲ ಚಾನೆಲ್‌ಗೂ ಒಂದೇ ಬಟನ್. ಮದ್ದಳೆಗೆಂದು ಕೊಟ್ಟ 48 ವೋಲ್ಟ್ ಭಾಗವತರ ಮೈಕಿಗೂ ಹೋಗಿತ್ತು.

ಹೋದರೂ ಕೇಬಲ್ ಸರಿಯಿದ್ದರೆ ಏನೂ ಆಗದು. ಮೈಕ್ ಕೇಬಲ್ಲಿನ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಪ್ಲಗ್ಗಿನಲ್ಲಿ 1ನೇ ಪಿನ್ ಗ್ರೌಂಡ್; 2 ಮತ್ತು 3ನೇ ಪಿನ್ನಿಗೆ ಸಮ ವೋಲ್ಟೇಜ್ ಬರುವುದರಿಂದ ಮೈಕಿನೊಳಗೆ ಕರೆಂಟ್ ಹರಿಯುವುದಿಲ್ಲ. ಕೇಬಲ್ ತುದಿ ಬಿಚ್ಚಿದರೆ ಅಲ್ಲಿತ್ತು ನೋಡಿ, 1ರಿಂದ 3ಕ್ಕೆ ಬೆಸುಗೆ ಹಾಕಿದ ಸಣ್ಣ ತಂತಿ! ಹಳೆಯ ಮೊನೊ ಆಂಪ್ಲಿಫೈಯರ್‌ಗೆ ಮಾಡಿದ್ದ ಕೇಬಲ್ ಅದು. ಜ್ಯಾಕ್ ಕತ್ತರಿಸಿ ಎಕ್ಸ್‌ಎಲ್‌ಆರ್ ಹಾಕಿದವರು ಆ ತಂತಿಯನ್ನು ಹಾಗೇ ಬಿಟ್ಟಿದ್ದರು. 3ನೇ ಪಿನ್ ಗ್ರೌಂಡ್ ಆಯಿತೆಂದರೆ 2ರ ಕರೆಂಟ್ ಮೈಕಿನ ಮೂಲಕವೇ ದಾಟಬೇಕು. ಮಿಕ್ಸರಿನೊಳಗಿನ 6.8 ಕಿಲೋ ಓಮ್ ರೆಸಿಸ್ಟರ್ ಅದನ್ನು ಸುಮಾರು 7 ಮಿಲಿಆಂಪ್‌ಗೆ ತಡೆಯುತ್ತದೆ, ಹಾಗಾಗಿ ಕಾಯಿಲ್ ಸುಡುವುದು ಅಪರೂಪ. ಆದರೆ ಟ್ರಾನ್ಸ್‌ಫಾರ್ಮರ್ ಇಲ್ಲದ ಮೈಕಿನಲ್ಲಿ ಡಯಾಫ್ರಾಮ್ (ದನಿಗೆ ಅದುರುವ ಪೊರೆ) ಒಂದು ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಟ್ರಾನ್ಸ್‌ಫಾರ್ಮರ್ ಇದ್ದರೆ ಅದರ ಕೋರ್ ಮ್ಯಾಗ್ನೆಟ್ ಆಗಿ ದನಿ ಕೆಡುತ್ತದೆ. ತೆಳು ಲೋಹದ ಪಟ್ಟಿಯಿಂದ ದನಿ ಹಿಡಿಯುವ ರಿಬ್ಬನ್ ಮೈಕ್ ಆಗಿದ್ದರೆ ರಿಬ್ಬನ್ನೇ ಹಿಗ್ಗಿ ಹೋಗಬಹುದಿತ್ತು.

ಇನ್ನೊಂದು ಪೆಟ್ಟು ಬಿದ್ದದ್ದು ರಿಪೇರಿಯಲ್ಲಿ. ಶಿವಮೊಗ್ಗದ ಒಂದು ಅಂಗಡಿಯವರು ‘ಇನ್ನು ಫ್ಯಾಂಟಮ್ ತಾಗಲ್ಲ’ ಎಂದು ಮೈಕಿನೊಳಗೆ ಎರಡು ಕೆಪಾಸಿಟರ್ ಕೂರಿಸಿ ಕೊಟ್ಟರು. ಉಪಾಯವೇನೋ ಸರಿ, ಡಿಸಿ (ಫ್ಯಾಂಟಮ್ಮಿನ ಕರೆಂಟ್) ಕೆಪಾಸಿಟರಿನಲ್ಲೇ ನಿಲ್ಲುತ್ತದೆ. ಹಾಕಿದ್ದು ಮಾತ್ರ 1 ಮೈಕ್ರೊಫ್ಯಾರಡ್‌ನದು! ಬೇಸ್ ಎಲ್ಲ ಹೋಗಿ ಭಾಗವತರ ತುಂಬುದನಿ ಪೀಚಾಯಿತು, ನಿಜಕ್ಕೂ ಹೊಟ್ಟೆ ಉರಿಯಿತು. 2ಕ್ಕೊಂದು, 3ಕ್ಕೊಂದು, ತಲಾ 47 ಮೈಕ್ರೊಫ್ಯಾರಡ್, 63 ವೋಲ್ಟಿನದು ಬೇಕು. ಪ್ಲಸ್ ಕಾಲು ಮಿಕ್ಸರ್ ಕಡೆಗೆ. ಅದನ್ನೂ ಮೈಕ್ ಬಿಚ್ಚದೆ ಬೇರೆ ಸಣ್ಣ ಡಬ್ಬಿಯಲ್ಲಿ ಮಾಡಿಸಿ.

ಅದಕ್ಕಿಂತ ಮೊದಲು ಕೇಬಲ್ಲನ್ನು ಎರಡೂ ಕಡೆ ಬಿಡಿಸಿ, ಮಲ್ಟಿಮೀಟರ್ ಬೀಪ್‌ಗೆ ಇಟ್ಟು 1–2, 1–3, 2–3 ಮುಟ್ಟಿಸಿ. ಎಲ್ಲಿ ಬೀಪ್ ಬಂದರೂ ಆ ಕೇಬಲ್ ಬೇಡ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ಮೊಬೈಲ್ ಇವುಗಳ ವೈರನ್ನಂತೂ ಎಕ್ಸ್‌ಎಲ್‌ಆರ್‌ಗೆ ನೇರ ಸಿಕ್ಕಿಸಬೇಡಿ, 48 ವೋಲ್ಟ್ ಅವುಗಳೊಳಗೇ ನುಗ್ಗುತ್ತದೆ. ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ಇಂಥ ಉಪಕರಣಗಳನ್ನು ಮಿಕ್ಸರ್‌ನ ಮೈಕ್ ಇನ್‌ಪುಟ್‌ಗೆ ಸೇರಿಸುವ ಡಬ್ಬಿ) ಇಡಲು ಸೌಂಡ್‌ನವರಿಗೆ ಮೊದಲೇ ಹೇಳಿಡಿ.