ಮೂರು ಜನರೇಟರ್, ಒಂದೇ ಲೋಡ್: ಯಾವುದು ಯಾವುದಕ್ಕೆ ಸರಿ?

ಎಷ್ಟು ಕೆವಿಎ (ಜನರೇಟರ್‌ನ ಸಾಮರ್ಥ್ಯದ ಅಳತೆ) ಬೇಕು ಅಂತ ಕೇಳಿದರೆ ಹೆಚ್ಚಿನವರು ವ್ಯಾಟ್‌ಗಳನ್ನೆಲ್ಲ ಕೂಡಿಸಿ ಒಂದು ಅಂಕಿ ಹೇಳುತ್ತಾರೆ. ಆ ಲೆಕ್ಕ ಹೀಟರ್‌ಗೆ ಸರಿ, ಮೋಟರ್‌ಗೆ ಸಾಲದು. 2 ಕೆವಿಎ ಇನ್ವರ್ಟರ್ ಜನರೇಟರ್, 3 ಕೆವಿಎ ಮಾಮೂಲಿ ಪೆಟ್ರೋಲ್ ಜನರೇಟರ್, 5 ಕೆವಿಎ ಡೀಸೆಲ್ ಸೆಟ್, ಮೂರಕ್ಕೂ ಒಂದೇ ಲೋಡ್ (ಗೀಸರ್, ಪಂಪು, ಫ್ರಿಜ್, ಕಂಪ್ಯೂಟರ್) ಕೊಟ್ಟು ನೋಡಿದೆ.

1500 ವ್ಯಾಟ್ ಗೀಸರ್ ಮೂರರಲ್ಲೂ ಓಡಿತು. ಹೀಟರ್ ಹಾಕಿದಾಗಲೂ ಅಷ್ಟೇ ಎಳೆಯುತ್ತದೆ, ಆಮೇಲೂ ಅಷ್ಟೇ. ಚಿಕ್ಕದರಲ್ಲಿ ಮಾತ್ರ ಜೊತೆಗೆ ಇನ್ನೇನೂ ಹಾಕುವ ಹಾಗಿರಲಿಲ್ಲ.

ಅಸಲಿ ಪರೀಕ್ಷೆ 1 ಎಚ್‌ಪಿ ಪಂಪಿನದು. 1 ಎಚ್‌ಪಿ ಅಂದರೆ 746 ವ್ಯಾಟ್ ನಿಜ, ಆದರೆ ಅದು ಮೋಟರ್ ಕೊಡುವ ಶಕ್ತಿ. ಎಳೆಯುವುದು ಅದಕ್ಕಿಂತ ಜಾಸ್ತಿ. ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿದಾಗ ಓಡುವಾಗ 6 ಆಂಪಿಯರ್ ಆಸುಪಾಸು ತೋರಿಸಿತು. ಆದರೆ ನಿಂತ ಮೋಟರ್ ತಿರುಗಲು ಶುರುವಾಗುವ ಆ ಕ್ಷಣ ಅದರ 5ರಿಂದ 7 ಪಟ್ಟು ಕರೆಂಟ್ ಬೇಕು. 230 ವೋಲ್ಟ್‌ನಲ್ಲಿ 3 ಕೆವಿಎ ಅಂದರೆ ಬರೀ 13 ಆಂಪಿಯರ್, ಅಲ್ವಾ? ಇನ್ವರ್ಟರ್ ಜನರೇಟರ್ ತಕ್ಷಣ ಓವರ್‌ಲೋಡ್ ದೀಪ ಹಚ್ಚಿ ಕರೆಂಟ್ ಕೊಡುವುದನ್ನೇ ನಿಲ್ಲಿಸಿತು. 3 ಕೆವಿಎ ನಿಲ್ಲಲಿಲ್ಲ, ಆದರೆ ವೋಲ್ಟೇಜ್ ಕುಸಿದು ಪಂಪು ಗುಂಯ್ ಅನ್ನುತ್ತಾ ತಿರುಗದೇ ನಿಂತಿತು. ಹಾಗೇ ಬಿಟ್ಟರೆ ಮೋಟರ್ ಒಳಗಿನ ತಂತಿ ಸುರುಳಿ (ವೈಂಡಿಂಗ್) ಸುಟ್ಟುಹೋಗುತ್ತದೆ, ಕೂಡಲೇ ಸ್ವಿಚ್ ಆರಿಸಬೇಕು. 5 ಕೆವಿಎ ಸೆಟ್‌ನಲ್ಲಿ ಬಲ್ಬ್ ಒಮ್ಮೆ ಮಂಕಾಯಿತು, ಮರುಕ್ಷಣ ನೀರು ಬಂತು. ಫ್ರಿಜ್‌ನಲ್ಲೂ ಮೋಟರ್ ಇದೆ, ಆದರೆ ಸಣ್ಣದು. ಮೂರೂ ಎತ್ತಿದವು.

ಕಂಪ್ಯೂಟರ್ ಯುಪಿಎಸ್ ಹಾಕಿದಾಗ ಕತೆಯೇ ಉಲ್ಟಾ. 3 ಕೆವಿಎಯಲ್ಲಿ ಲೋಡ್ ಏರಿಳಿದಂತೆ ಎಂಜಿನ್ ವೇಗ ಬದಲಾಗಿ ಫ್ರೀಕ್ವೆನ್ಸಿಯೂ (ಕರೆಂಟಿನ ಅಲೆ ಸೆಕೆಂಡಿಗೆ ಎಷ್ಟು ಸಲ ಅನ್ನುವುದು) ಅಲುಗಾಡುತ್ತದೆ. ಯುಪಿಎಸ್ ಅದನ್ನು ಒಪ್ಪದೆ ಟಿಕ್ ಟಿಕ್ ಅಂತ ಮತ್ತೆ ಮತ್ತೆ ಬ್ಯಾಟರಿಗೆ ಹೋಗುತ್ತಿತ್ತು. ಇನ್ವರ್ಟರ್ ಜನರೇಟರ್‌ನಲ್ಲಿ ಯುಪಿಎಸ್‌ನಿಂದ ಒಂದು ಸದ್ದೂ ಇಲ್ಲ. ಜನರೇಟರ್‌ನ ಎಂಜಿನ್ ಎಷ್ಟೇ ವೇಗದಲ್ಲಿ ತಿರುಗಲಿ, ಹೊರಗೆ ಬರುವ 50 ಹರ್ಟ್ಸ್ ಎಲೆಕ್ಟ್ರಾನಿಕ್ಸ್ ಮಾಡಿಕೊಟ್ಟದ್ದು.

ಹಾಗಂತ ಸುಮ್ನೆ ದೊಡ್ಡದು ತಂದರೂ ಒಳ್ಳೆಯದಲ್ಲ. ನಾಲ್ಕು ಬಲ್ಬ್, ಎರಡು ಫ್ಯಾನ್‌ಗೆ ಡೀಸೆಲ್ ಸೆಟ್ ರಾತ್ರಿಯಿಡೀ ಓಡಿಸಿದರೆ ಎಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ. ಉರಿಯದ ಡೀಸೆಲ್ ಸೈಲೆನ್ಸರ್‌ನಲ್ಲಿ ಕಪ್ಪು ಜಿಡ್ಡಾಗಿ ಕೂರುತ್ತದೆ. ಶೇ. 30ಕ್ಕಿಂತ ಕಡಿಮೆ ಲೋಡ್‌ನಲ್ಲಿ ಡೀಸೆಲ್ ಸೆಟ್ ತುಂಬಾ ಹೊತ್ತು ಓಡಿಸಬಾರದು.

ಪಂಪು ಇದ್ದರೆ ನನ್ನ ಓಟು 5 ಕೆವಿಎಗೆ. ಇಲ್ಲದಿದ್ದರೆ ಕಣ್ಣು ಮುಚ್ಚಿ ಇನ್ವರ್ಟರ್ ಜನರೇಟರ್. ನಡುವಿನ 3 ಕೆವಿಎ ನನಗೆ ಎಲ್ಲೂ ಹೊಂದಲಿಲ್ಲ. ಕೊಳ್ಳುವಾಗ ಪೀಕ್ (ಕೆಲವೇ ಕ್ಷಣ ಕೊಡುವ) ಅಂಕಿ ಬಿಟ್ಟು, ಸತತವಾಗಿ ಕೊಡುವ ಅಂಕಿ ನೋಡಿ. ಪವರ್ ಫ್ಯಾಕ್ಟರ್ (ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಸಿಗುವ ಪಾಲು) 0.8 ಇದ್ದರೆ 5 ಕೆವಿಎಯಿಂದ ಸಿಗುವುದು 4 ಕಿಲೋವ್ಯಾಟ್ ಮಾತ್ರ. ಓಡಿಸುವಾಗ ಮೊದಲು ಪಂಪು, ಅದು ವೇಗ ಹಿಡಿದ ಮೇಲೆ ಗೀಸರ್, ಕೊನೆಗೆ ಕಂಪ್ಯೂಟರ್.