ಅಟ್ಲಾಂಟಿಕ್ ಮೇಲಿನ ಹವಾ ಪಹರೆ: 518ನೇ ಸ್ಕ್ವಾಡ್ರನ್ ಕುರಿತ ಒಂದು ಇ-ಪುಸ್ತಕ

ಎರಡನೇ ಮಹಾಯುದ್ಧದಲ್ಲಿ ಹಡಗುಗಳು ಶತ್ರುಭಯದಿಂದ ರೇಡಿಯೊ ಮೌನ ಪಾಲಿಸತೊಡಗಿದಾಗ, ಅಟ್ಲಾಂಟಿಕ್ ಸಾಗರದ ಹವಾಮಾನ ವರದಿಗಳು ಬ್ರಿಟನ್ನಿಗೆ ಬಹುಮಟ್ಟಿಗೆ ನಿಂತುಹೋದವು. ಆ ಕೊರತೆಯನ್ನು ತುಂಬಿದ ದಳಗಳಲ್ಲೊಂದು, 1943ರಲ್ಲಿ ರಚನೆಯಾಗಿ ಸ್ಕಾಟ್‌ಲೆಂಡಿನ ಟೈರೀ ದ್ವೀಪದಲ್ಲಿ ನೆಲೆಗೊಂಡ ರಾಯಲ್ ಏರ್ ಫೋರ್ಸಿನ (ಬ್ರಿಟನ್ನಿನ ವಾಯುಪಡೆ) 518ನೇ ಸ್ಕ್ವಾಡ್ರನ್. ನಾನು ಓದಿದ ಈ ಇ-ಪುಸ್ತಕ ಅದರ ಚರಿತ್ರೆಯನ್ನು ಹೇಳುತ್ತದೆ.

ಪುಸ್ತಕದ ನಿಜವಾದ ಬಲ ಹಾರಾಟದ ವಿವರಣೆಯಲ್ಲಿದೆ. ನಾಲ್ಕು ಎಂಜಿನ್ನಿನ ಹ್ಯಾಲಿಫ್ಯಾಕ್ಸ್ ವಿಮಾನವು ನೂರಾರು ಮೈಲಿ ಪಶ್ಚಿಮಕ್ಕೆ ಸಾಗಿ, ನಡುನಡುವೆ ಅಲೆಗಳ ಸಮೀಪಕ್ಕೆ ಇಳಿದು ಸಮುದ್ರಮಟ್ಟದ ಒತ್ತಡವನ್ನು ಅಳೆದು, ಮತ್ತೆ ಸುಮಾರು 18,000 ಅಡಿಗೆ ಏರುತ್ತಿತ್ತು. ವೀಕ್ಷಕನು ಉಷ್ಣಾಂಶ, ತೇವಾಂಶ, ಮೋಡಗಳನ್ನು ದಾಖಲಿಸಿದ ಮೇಲೆ ಆ ಅಂಕಿಗಳು ಗೂಢಲಿಪಿಯಲ್ಲಿ ರೇಡಿಯೊ ಮೂಲಕ ರವಾನೆಯಾಗಿ, ಇಂಗ್ಲೆಂಡಿನ ಡನ್‌ಸ್ಟಬಲ್‌ನ ಮುನ್ಸೂಚನಾ ಕೇಂದ್ರವನ್ನು ಸೇರುತ್ತಿದ್ದವು. ಇತರ ವಿಮಾನಗಳು ನೆಲ ಬಿಡದ ದಿನಗಳಲ್ಲಿಯೇ ಇವರ ಕೆಲಸ ಹೆಚ್ಚು ಬೇಕಾಗುತ್ತಿತ್ತು ಎಂಬ ವ್ಯಂಗ್ಯವನ್ನು ಲೇಖಕರು ಅಬ್ಬರವಿಲ್ಲದೆ ಕಾಣಿಸಿದ್ದಾರೆ. 1944ರ ಆಗಸ್ಟ್‌ನಲ್ಲಿ ಟೈರೀಯಲ್ಲಿ ಇದೇ ದಳದ ಎರಡು ವಿಮಾನಗಳು ಡಿಕ್ಕಿಯಾಗಿ 16 ಮಂದಿ ಮಡಿದ ಪ್ರಸಂಗವೂ ಸಂಯಮದಿಂದಲೇ ಬಂದಿದೆ.

1944ರಲ್ಲಿ ಮಿತ್ರಪಡೆಗಳು ಫ್ರಾನ್ಸಿನ ಕರಾವಳಿಯಲ್ಲಿ ಇಳಿದ ನಾರ್ಮಂಡಿ ದಾಳಿಯನ್ನು ಜೂನ್ 5ರಿಂದ 6ಕ್ಕೆ ಮುಂದೂಡಿಸಿದ ಮುನ್ಸೂಚನೆಯ ಅಧ್ಯಾಯ ಮಾತ್ರ ಏಕಪಕ್ಷೀಯವೆನಿಸಿತು. ಆ ಮುನ್ಸೂಚನೆಗೆ ಮುಖ್ಯ ಆಧಾರವಾಗಿದ್ದ, ಐರ್ಲೆಂಡಿನ ಬ್ಲ್ಯಾಕ್‌ಸಾಡ್ ಹವಾಮಾನ ಕೇಂದ್ರದ ವರದಿಗಳಿಗೆ ಅಲ್ಲಿ ಒಂದೇ ಸಾಲು ದಕ್ಕಿದೆ. ಮೊಬೈಲ್ ಪರದೆಯಲ್ಲಿ ನಕ್ಷೆಗಳು ಓದಲಾರದಷ್ಟು ಚಿಕ್ಕವಾಗಿವೆಯಾದ್ದರಿಂದ, ಕೊಳ್ಳುವವರು ದೊಡ್ಡ ಪರದೆಯಲ್ಲಿ ಓದುವುದು ಒಳ್ಳೆಯದು.