ಉಂಗುರವನ್ನು ಹಿಡಿದಿಡುವುದು ಯಾರು? ಯೀಸ್ಟ್, ಹೀಲಾ, ನೊಣದ ಕೋಶ: ಯಾವುದರಲ್ಲಿ ಚೆನ್ನಾಗಿ ಕಾಣುತ್ತದೆ

ಕೋಶ ಎರಡಾಗುವ ಹೊತ್ತಿಗೆ ಅದರ ನಡುವಿನಲ್ಲಿ ಆಕ್ಟಿನ್ ಎಳೆಗಳ ಒಂದು ಉಂಗುರ ಕಟ್ಟಿಕೊಳ್ಳುತ್ತದೆ. ಮಯೋಸಿನ್ ಎಳೆಗಳನ್ನು ಜಗ್ಗುತ್ತದೆ, ಉಂಗುರ ಬಿಗಿಯುತ್ತದೆ. ಇಷ್ಟು ಎಲ್ಲ ಪಠ್ಯಪುಸ್ತಕದಲ್ಲೂ ಇದೆ. ಆದರೆ ಉಂಗುರ ಪೊರೆಗೆ ಅಂಟಿಕೊಂಡಿರಬೇಕಲ್ವಾ? ಲಾಡಿ ಹೊಲಿಗೆಯ ಒಳಗಿದ್ದರೆ ತಾನೆ ಸೊಂಟ ಬಿಗಿಯುವುದು. ಈ ಹಿಡಿದಿಡುವ ಕೆಲಸ ಸ್ಕ್ಯಾಫೋಲ್ಡ್ ಪ್ರೋಟೀನ್‌ಗಳದ್ದು. ಮುಖ್ಯವಾದದ್ದು ಆನಿಲಿನ್. 1995ರಲ್ಲಿ ಕ್ರಿಸ್ಟೀನ್ ಫೀಲ್ಡ್ ಮತ್ತು ಬ್ರೂಸ್ ಆಲ್ಬರ್ಟ್ಸ್ ಹಣ್ಣುನೊಣದ ಭ್ರೂಣಗಳಿಂದ ಇದನ್ನು ಬೇರ್ಪಡಿಸಿ ವಿವರಿಸಿದರು. ಇದರ ಒಂದು ಕಡೆ ಆಕ್ಟಿನ್, ಮಯೋಸಿನ್ ಹಿಡಿಯುತ್ತದೆ. ಇನ್ನೊಂದು ಕಡೆ ಪೊರೆಯ ಕೊಬ್ಬು, ಸೆಪ್ಟಿನ್ (ಪೊರೆಯ ಒಳಬದಿಗೆ ಎಳೆ ಕಟ್ಟುವ ಪ್ರೋಟೀನ್), ರೋ-ಎ (ಉಂಗುರ ಕಟ್ಟಲು ಸೂಚನೆ ಕೊಡುವ ಪ್ರೋಟೀನ್).

ಇದನ್ನು ಕಣ್ಣಾರೆ ನೋಡಲು ಮೂರು ಬಗೆಯ ಕೋಶಗಳನ್ನು ಬಳಸಿದ್ದೇನೆ. ಲ್ಯಾಬ್‌ಗೆ ಹೊಸದಾಗಿ ಬಂದವರು "ಯಾವುದು ವಾಸಿ" ಅಂತ ಕೇಳುತ್ತಲೇ ಇರುತ್ತಾರೆ, ಅದಕ್ಕೇ ಇದು.

ಚಂದಕ್ಕೆ ಯೀಸ್ಟ್ ಮುಂದೆ ಯಾವುದೂ ಇಲ್ಲ. ನಾನು ಹೇಳುತ್ತಿರುವುದು ಬ್ರೆಡ್ಡಿನ ಯೀಸ್ಟ್ ಅಲ್ಲ, ಫಿಷನ್ ಯೀಸ್ಟ್. ಪೂರ್ವ ಆಫ್ರಿಕಾದ ಸಿರಿಧಾನ್ಯದ ಬಿಯರ್‌ನಿಂದ ಬಂದದ್ದು. ಉದ್ದಕ್ಕೆ ಗುಳಿಗೆಯಂತಿರುತ್ತದೆ, ಸರಿಯಾಗಿ ನಡುವೆ ಒಡೆಯುತ್ತದೆ. ಆನಿಲಿನ್‌ನ ದಾಯಾದಿ ಮಿಡ್1 ಇಲ್ಲಿ ನ್ಯೂಕ್ಲಿಯಸ್‌ನಿಂದ ಹೊರಬಂದು ಪೊರೆಯ ಮೇಲೆ ಚುಕ್ಕಿಚುಕ್ಕಿಯಾಗಿ ಕೂರುತ್ತದೆ. ಮೊದಲು ಇಂಥ ಸುಮಾರು 65 ಚುಕ್ಕಿಗಳಿವೆ ಎಂದು ಎಣಿಸಿದ್ದರು. ಇನ್ನೂ ಸೂಕ್ಷ್ಮವಾಗಿ ನೋಡುವ ಮೈಕ್ರೋಸ್ಕೋಪ್ ಬಂದ ಮೇಲೆ ಲೆಕ್ಕ 140ರ ಆಸುಪಾಸಿಗೆ ಏರಿತು. ಚುಕ್ಕಿಗಳ ನಡುವೆ ಆಕ್ಟಿನ್ ಎಳೆ ಬೆಳೆಯುತ್ತದೆ, ಪಕ್ಕದ ಚುಕ್ಕಿ ಅದನ್ನು ಹಿಡಿದು ಎಳೆಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಹತ್ತು ನಿಮಿಷದಲ್ಲಿ ಚದುರಿದ್ದೆಲ್ಲ ಒಂದು ಗೆರೆಯಾಗುತ್ತದೆ. ಜೀನ್ ಇರುವ ಜಾಗದಲ್ಲೇ ಜಿಎಫ್‌ಪಿ (ಹಸಿರಾಗಿ ಹೊಳೆಯುವ ಗುರುತಿನ ಪ್ರೋಟೀನ್) ಸೇರಿಸಬಹುದು, ಹಾಗಾಗಿ ಪ್ರೋಟೀನ್ ಎಷ್ಟಿರಬೇಕೋ ಅಷ್ಟೇ ಇರುತ್ತದೆ. ಒಂದು ಕಿವಿಮಾತು: ಚಿತ್ರ ತೆಗೆಯುವ ಮೊದಲು ಕೋಶಗಳನ್ನು ಮಿನಿಮಲ್ ಮೀಡಿಯಮ್ಮಿಗೆ (ಬೇಕಾದಷ್ಟೇ ಪೋಷಕಾಂಶ ಇರುವ ದ್ರವಕ್ಕೆ) ಹಾಕಿ. ಯೀಸ್ಟ್ ಎಕ್ಸ್‌ಟ್ರಾಕ್ಟ್ ಇರುವ ಮೀಡಿಯಂ ತಾನೇ ಹೊಳೆದು ಚುಕ್ಕಿಗಳನ್ನು ನುಂಗಿಬಿಡುತ್ತದೆ.

ಕೊಸರು ಇರುವುದು ಮುಂದೆ. ಉಂಗುರ ಬಿಗಿಯಲು ಶುರುವಾಗುವ ಹೊತ್ತಿಗೆ ಮಿಡ್1 ಜಾಗ ಖಾಲಿ ಮಾಡಿರುತ್ತದೆ! ಆಮೇಲೆ ಹಿಡಿದಿಡುವುದು ಸಿಡಿಸಿ15ನಂಥ ಪ್ರೋಟೀನ್‌ಗಳು, ಜೊತೆಗೆ ಹೊರಗೆ ಕಟ್ಟಿಕೊಳ್ಳುತ್ತಿರುವ ಕೋಶಭಿತ್ತಿ. ಮಿಡ್1 ತೆಗೆದರೂ ಉಂಗುರ ಕಟ್ಟುತ್ತದೆ, ಆದರೆ ಸೊಟ್ಟಗೆ, ಎಲ್ಲೆಲ್ಲೋ. ಅಂದರೆ ಜಾಗ ತೋರಿಸುವುದು ಯಾರು ಅಂತ ಯೀಸ್ಟ್ ಚೆನ್ನಾಗಿ ಹೇಳುತ್ತದೆ. ಎಳೆತದ ಹೊತ್ತಲ್ಲಿ ಆನಿಲಿನ್ ಏನು ಮಾಡುತ್ತದೆ ಅನ್ನೋದಕ್ಕೆ ಇದನ್ನು ನಂಬಿ ಕೂರಬೇಡಿ.

ಹೀಲಾ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮನುಷ್ಯರ ಕೋಶ ಅನ್ನುವುದೇ ಅದರ ದೊಡ್ಡ ಬಲ, ಪೇಪರ್ ಓದುವವರಿಗೂ ಅದೇ ಇಷ್ಟ. 37 ಡಿಗ್ರಿ, 5% ಕಾರ್ಬನ್ ಡೈಆಕ್ಸೈಡ್, ಎಸ್‌ಐಆರ್‌ಎನ್‌ಎ (ಬೇಕಾದ ಜೀನನ್ನು ಸುಮ್ಮನಾಗಿಸುವ ಪುಟ್ಟ ಆರ್‌ಎನ್‌ಎ) ಒಳಸೇರಿಸಲು ದುಬಾರಿ ರೀಏಜೆಂಟ್. ಮೈಕ್ರೋಸ್ಕೋಪಿನ ಚೇಂಬರ್ ಬಿಸಿಯಾಗುತ್ತಾ ಫೋಕಸ್ ಜಾರುತ್ತದೆ. ಲೇಸರ್ ಸ್ವಲ್ಪ ಹೆಚ್ಚಾದರೂ ಕೋಶ ವಿಭಜನೆಯನ್ನೇ ನಿಲ್ಲಿಸಿ ಸುಮ್ನೆ ದುಂಡಗೆ ಕೂತುಬಿಡುತ್ತದೆ. ಆನಿಲಿನ್ ಬಹುಪಾಲು ಹೊತ್ತು ನ್ಯೂಕ್ಲಿಯಸ್ಸಿನಲ್ಲೇ ಇರುವುದರಿಂದ ಕಾಯುವ ತನಕ ಕಾಣುವುದು ಹೊಳೆಯುವ ಉಂಡೆ ಮಾತ್ರ. ಕೊನೆಯಲ್ಲಿ ಖಚಿತಪಡಿಸಿಕೊಳ್ಳಲು ಸರಿ, ಮೊದಲ ಆಯ್ಕೆಯಾಗಿ ಬೇಡ.

ನನ್ನ ಓಟು ಹಣ್ಣುನೊಣದಿಂದ ಬಂದ, ಲ್ಯಾಬ್‌ನಲ್ಲಿ ಬೆಳೆಸುವ ಎಸ್2 ಕೋಶಕ್ಕೆ. ನೋಡಲು ಯೀಸ್ಟಿನಷ್ಟು ನೀಟಾಗಿಲ್ಲ, ತಳಕ್ಕೆ ಸರಿಯಾಗಿ ಅಂಟುವುದೂ ಇಲ್ಲ. ಕಾನ್‌ಕ್ಯಾನವಾಲಿನ್ (ಕೋಶವನ್ನು ಅಂಟಿಸುವ ಪ್ರೋಟೀನ್) ಸವರಿದ ಗಾಜಿನ ಮೇಲೆ ಕೂರಿಸಬೇಕು. ಆದರೆ 25 ಡಿಗ್ರಿಯಲ್ಲಿ, ಗ್ಯಾಸ್ ಇಲ್ಲದೆ ಬೆಳೆಯುತ್ತದೆ. ಆನಿಲಿನ್ ಜೀನನ್ನು ಸುಮ್ಮನಾಗಿಸುವ ಡಬಲ್ ಸ್ಟ್ರಾಂಡ್ ಆರ್‌ಎನ್‌ಎಯನ್ನು ಮೀಡಿಯಮ್ಮಿಗೆ ಸುರಿದರೆ ಸಾಕು, ಕೋಶಗಳೇ ಕುಡಿದುಕೊಳ್ಳುತ್ತವೆ. ಮೂರ್ನಾಲ್ಕು ದಿನದಲ್ಲಿ ಆನಿಲಿನ್ ಇಳಿಯುತ್ತದೆ.

ಆಮೇಲೆ ಮಯೋಸಿನ್-ಜಿಎಫ್‌ಪಿ ನೋಡಿ. ಮೊದಮೊದಲು ಎಲ್ಲ ಸರಿಯಿದೆ ಅನ್ನಿಸುತ್ತದೆ. ಉಂಗುರ ಕಟ್ಟುತ್ತದೆ, ನಡು ಕಿರಿದಾಗುತ್ತದೆ. ಇದ್ದಕ್ಕಿದ್ದಂತೆ ಇಡೀ ಉಂಗುರ ಒಂದು ಕಡೆಗೆ ಜಾರುತ್ತದೆ. ಎದುರಿನ ಮಗ್ಗುಲು ಉಬ್ಬಿ ಗುಳ್ಳೆ ಬರುತ್ತದೆ. ಆಮೇಲೆ ಆ ಕಡೆಯಿಂದ ಈ ಕಡೆಗೆ ವಾಪಸ್, ಮತ್ತೆ ಜಾರು. ಕೊನೆಗೆ ಸೋತು ಬಿಚ್ಚಿಕೊಂಡು, ಎರಡು ನ್ಯೂಕ್ಲಿಯಸ್ ಇರುವ ಒಂದೇ ಕೋಶ ಉಳಿಯುತ್ತದೆ. ಹಿಡಿ ತಪ್ಪಿದರೆ ಏನಾಗುತ್ತದೆ ಅನ್ನೋದನ್ನು ಇಷ್ಟು ಬಿಡಿಸಿ ತೋರಿಸುವ ಕೋಶ ಇನ್ನೊಂದು ನನಗೆ ಸಿಕ್ಕಿಲ್ಲ. ಎಸ್2ನಲ್ಲಿ ಏನೂ ಮಾಡದೆಯೂ ಕೆಲವು ಕೋಶಗಳಿಗೆ ಎರಡು ನ್ಯೂಕ್ಲಿಯಸ್ ಇರುತ್ತವೆ. ಹಾಗಾಗಿ ಸ್ಲೈಡ್ ಎಣಿಸಿ ತೀರ್ಪು ಕೊಡಬೇಡಿ, ಮೂವಿ ಮಾಡಿ.

ಇನ್ನೊಂದು ಅನುಕೂಲವೂ ಇದೆ. ಪ್ರೋಟೀನ್ ಕೋಡ್ ಮಾಡದ ತುದಿಯ ಭಾಗಕ್ಕೆ ಆರ್‌ಎನ್‌ಎ ಗುರಿಯಿಟ್ಟರೆ ಕೋಶದ ಸ್ವಂತ ಆನಿಲಿನ್ ಮಾತ್ರ ಹೋಗುತ್ತದೆ, ನಾವು ಹೊರಗಿನಿಂದ ಹಾಕಿದ ಆನಿಲಿನ್ ತುಂಡು ಉಳಿಯುತ್ತದೆ. ಆಗ ಆನಿಲಿನ್‌ನ ಮುಂದಿನ ಅರ್ಧ (ಆಕ್ಟಿನ್, ಮಯೋಸಿನ್ ಹಿಡಿಯುವ ಕಡೆ), ಹಿಂದಿನ ಅರ್ಧ (ಪೊರೆ ಹಿಡಿಯುವ ಕಡೆ) ಬೇರೆ ಬೇರೆ ಹಾಕಿ ನೋಡಬಹುದು. ಮುಂದಿನದು ಉಂಗುರದ ಜೊತೆ ಹೋಗುತ್ತದೆ. ಹಿಂದಿನದು ಪೀನಟ್ ಎಂಬ ಸೆಪ್ಟಿನ್ ಜೊತೆ ಪೊರೆಯ ಕಡೆಗೆ ಹೋಗುತ್ತದೆ. ಒಂಟಿಯಾಗಿ ಎರಡರಲ್ಲಿ ಯಾವುದೂ ವಿಭಜನೆಯನ್ನು ಪೂರ್ತಿ ಮುಗಿಸಿಕೊಡುವುದಿಲ್ಲ.